ವೇಪ್‌ನ ಹತ್ತಿಯೊಳಗೆ ಏನುಂಟು?

ಗಲ್ಫಿನಿಂದ ರಜೆಗೆ ಬಂದ ಮಕ್ಕಳ ಪೆಟ್ಟಿಗೆ ಬಿಚ್ಚುವುದೆಂದರೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಪೆರ್ನಾಲ್ ಇದ್ದ ಹಾಗೆ. ಟ್ಯಾಂಗ್, ನಿಡೋ ಡಬ್ಬ, ಉಮ್ಮನ ಮೊಣಕಾಲಿಗೆ ಆ್ಯಕ್ಸ್ ಎಣ್ಣೆ, ಬಾಪನಿಗೆ ಅತ್ತರ್, ನೆರೆಮನೆಯ ಮಕ್ಕಳಿಗೆ ಚಾಕಲೇಟು. ಈಗ ಕೆಲವು ಪೆಟ್ಟಿಗೆಗಳಲ್ಲಿ ಇನ್ನೊಂದು ಸಾಮಾನೂ ಬರುತ್ತಿದೆ. ಬರುತ್ತದೆ, ಆದರೆ ಎಲ್ಲರೆದುರು ಹೊರಗೆ ತೆಗೆಯುವುದಿಲ್ಲ. ನೋಡಲಿಕ್ಕೆ ದಪ್ಪನೆಯ ಪೆನ್ನಿನ ಹಾಗೆ, ಇಲ್ಲವೇ ಪೆನ್ ಡ್ರೈವ್ ಹಾಗೆ. ಕೋಣೆಯಲ್ಲಿ ಮಾವಿನಹಣ್ಣಿನದ್ದೋ ಪುದೀನದ್ದೋ ಪರಿಮಳ. ಉಮ್ಮ ಎಂತದ್ದು ಅದು ಎಂದು ಕೇಳಿದರೆ ಉತ್ತರ ತಯಾರುಂಟು: “ಅದು ಬರೀ ಆವಿ ಉಮ್ಮ, ಶೀತ ಆದಾಗ ನೀವು ಆವಿ ತೆಗೊಳ್ಳುವುದಿಲ್ಲವಾ, ಅದೇ.”

ವೇಪ್ ಒಳ್ಳೆಯದಾ ಕೆಟ್ಟದಾ ಎಂಬ ಚರ್ಚೆ ಈಗಾಗಲೇ ಬೇಕಾದಷ್ಟು ಆಗಿದೆ. ನಾವಿಲ್ಲಿ ಹೇಳಹೊರಟದ್ದು ಅದರ ಒಂದು ಭಾಗವನ್ನು ಮಾತ್ರ, ಯಾರೂ ಅಷ್ಟಾಗಿ ಮಾತಾಡದ ಭಾಗವನ್ನು. ತಂದ ವೇಪ್‌ನಲ್ಲಿರುವ ದ್ರವ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ರಜೆ ಮುಗಿಯುವುದಿಲ್ಲ, ಚಟವೂ ಮುಗಿಯುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ಮಾರುವಂತಿಲ್ಲ, ಆದ್ದರಿಂದ ಅಂಗಡಿಗೆ ಹೋಗಿ ಕೇಳಲಿಕ್ಕೂ ಆಗುವುದಿಲ್ಲ. ಆಗ ಶುರುವಾಗುವುದು ಕೋಣೆಯ ಬಾಗಿಲು ಹಾಕಿಕೊಂಡು ಮಾಡುವ ರಿಪೇರಿ. ಖಾಲಿ ಕಾರ್ಟ್ರಿಜ್ ಬಿಚ್ಚುವುದು, ಕರಕಲಾದ ಹತ್ತಿ ಎಳೆದು ಹಾಕುವುದು, ಬೇರೆ ಹತ್ತಿ ತುರುಕುವುದು, ಎಲ್ಲಿಂದಲೋ ತಂದ ದ್ರವ ಹನಿ ಹನಿಯಾಗಿ ಬಿಡುವುದು. ಅಪಾಯದ ದೊಡ್ಡ ಪಾಲು ಇರುವುದು ಆ ಹತ್ತಿಯಲ್ಲಿ ಮತ್ತು ಆ ಹನಿಯಲ್ಲಿ.

ಮೊದಲು ಈ ಸಾಮಾನು ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಳ್ಳುವ. ಚೀನಾದ ಹಾನ್ ಲಿಕ್ ಎಂಬ ಫಾರ್ಮಸಿಸ್ಟ್ 2003ರಲ್ಲಿ ಇಂದಿನ ಇ-ಸಿಗರೇಟನ್ನು ರೂಪಿಸಿದರು. ಅವರು ಸ್ವತಃ ಸಿಗರೇಟು ಬಿಡಲಾಗದೆ ಒದ್ದಾಡಿದವರು. ಅವರ ತಂದೆ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಚೀನಾದಲ್ಲಿ ಅದು ‘ರುಯಾನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆ ಮಾತಿನ ಅರ್ಥ ‘ಹೊಗೆಯ ಹಾಗೆ’ ಎಂದು. ಮೂರು ನಾಲ್ಕು ವರ್ಷಗಳಲ್ಲೇ ಯುರೋಪು, ಅಮೆರಿಕಕ್ಕೂ ಹೋಯಿತು.

ಮೊದಲ ಕಾಲದ ಇ-ಸಿಗರೇಟು ಮೂರು ತುಂಡಿನದ್ದು. ಒಂದು ಬ್ಯಾಟರಿ. ಅದರ ಮೇಲೆ ಅಟಮೈಸರ್, ಅದರೊಳಗೆ ಕಾಯುವ ಸಪೂರ ತಂತಿ. ಬಾಯಿಗಿಡುವ ತುದಿಯಲ್ಲಿ ಕಾರ್ಟ್ರಿಜ್. ಈ ಕಾರ್ಟ್ರಿಜ್ ಎಂದರೆ ಒಂದು ಪುಟ್ಟ ಪ್ಲಾಸ್ಟಿಕ್ ಕುಪ್ಪಿಗೆ, ಅದರೊಳಗೆ ದ್ರವ ಹೀರಿಕೊಂಡು ಕೂರುವ ನಾರಿನ ಉಂಡೆ. ಹಿಡಿಯುವುದು ಹೆಚ್ಚೆಂದರೆ ಒಂದು ಎಂ.ಎಲ್. ಆಸುಪಾಸು. ದ್ರವದಲ್ಲಿ ಮುಖ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳಕ್ಕೆಂದು ಹಾಕುವ ರಾಸಾಯನಿಕಗಳು. ಆದ್ದರಿಂದ ‘ನೀರಿನ ಆವಿ’ ಎಂಬ ಮಾತು ಮೊದಲ ಹೆಜ್ಜೆಯಲ್ಲೇ ಸುಳ್ಳು.

ಕರೆಂಟು ಹೋದಾಗ ಚಿಮಣಿ ದೀಪ ಹಚ್ಚಿದ ತಲೆಮಾರಿಗೆ ಮುಂದಿನದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬತ್ತಿ ಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ಹೀರುತ್ತದೆ, ತುದಿಯಲ್ಲಿ ಉರಿಯುವುದು ಎಣ್ಣೆ, ಬತ್ತಿಯಲ್ಲ. ಎಣ್ಣೆ ಮುಗಿದರೆ ಬತ್ತಿಯೇ ಉರಿದು ಕರಕಲು ವಾಸನೆ. ಬತ್ತಿ ಕೊಳವೆಯಲ್ಲಿ ತೀರಾ ಬಿಗಿಯಾದರೆ ಎಣ್ಣೆ ಏರುವುದಿಲ್ಲ, ತೀರಾ ಸಡಿಲವಾದರೆ ದೀಪ ಹೊಗೆಯಾಡುತ್ತದೆ. ಇ-ಸಿಗರೇಟಿನ ನಾರಿನದ್ದೂ ಇದೇ ಕತೆ. ಬಿಗಿಯಾಗಿ ತುರುಕಿದರೆ ದ್ರವ ತಂತಿಯ ಬಳಿಗೆ ಬಾರದೆ ನಾರು ಸುಡುತ್ತದೆ. ಸಡಿಲ ಬಿಟ್ಟರೆ ನಿಕೋಟಿನ್ ದ್ರವ ಸೋರಿ ನೇರ ಬಾಯಿಗೇ ಬರುತ್ತದೆ.

ಕಂಪೆನಿಗಳ ಕಾರ್ಟ್ರಿಜ್‌ಗಳು ಈ ಕೆಲಸವನ್ನು ಸರಿಯಾಗಿ ಮಾಡುತ್ತಿರಲಿಲ್ಲ. ಅರ್ಧ ದ್ರವ ನಾರಿನಲ್ಲೇ ಉಳಿದು, ಸೇದುವಾಗ ಬಾಯಿಗೆ ಸುಟ್ಟ ರುಚಿ ಬರುತ್ತಿತ್ತು. ಕಾರ್ಟ್ರಿಜ್ ದುಬಾರಿ ಬೇರೆ. ಹಾಗಾಗಿ 2008-09ರ ಹೊತ್ತಿಗೆ ಅಮೆರಿಕ, ಯುರೋಪಿನ ಬಳಕೆದಾರರು ತಾವೇ ಚಿಮುಟ ಹಿಡಿದು ಕುಳಿತರು. ಒಳಗಿನ ನಾರು ತೆಗೆದು ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹಾಕಿದರು. ಕೆಲವರು ಮೀನಿನ ಅಕ್ವೇರಿಯಂನ ಫಿಲ್ಟರಿನ ನೀಲಿ ಸ್ಪಂಜನ್ನು ಕತ್ತರಿಸಿ ಹಾಕಿದರು. ಟೀ ಬ್ಯಾಗಿನ ಚೀಲವನ್ನು ಸುರುಳಿ ಸುತ್ತಿ ತುರುಕಿದವರಿದ್ದರು. ಜ್ಯೂಸ್ ಕುಡಿಯುವ ಸ್ಟ್ರಾವನ್ನು ತುಂಡು ಮಾಡಿ ಸಿಕ್ಕಿಸಿದವರೂ ಇದ್ದರು. ಯಾವುದು ಚೆನ್ನಾಗಿ ಹೀರುತ್ತದೆ, ಯಾವುದು ಸೋರುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕೈಕೆಲಸದ ದೃಷ್ಟಿಯಿಂದ ನೋಡಿದರೆ ಬುದ್ಧಿವಂತಿಕೆಯೇ, ಇಲ್ಲವೆನ್ನಲಾಗದು. ಆದರೆ ಅವರ ಪರೀಕ್ಷೆಯೆಲ್ಲ ‘ಚೆನ್ನಾಗಿ ಆವಿ ಬರುತ್ತದಾ’ ಎಂಬುದರ ಮೇಲೆ. ‘ಆ ಆವಿಯ ಜೊತೆ ಒಳಗೆ ಹೋಗುವುದು ಎಂತ’ ಎಂಬುದು ಬರಿಗಣ್ಣಿಗೆ ಕಾಣುವ ವಿಷಯವಲ್ಲ.

ಮುಂದೆ ಬಂದ ಮಾದರಿಯಲ್ಲಿ ಕಾರ್ಟ್ರಿಜ್ ಮತ್ತು ಅಟಮೈಸರ್ ಒಂದೇ ಆಯಿತು. ನಾರು ಈಗ ಕಾಯುವ ತಂತಿಯ ಸುತ್ತಲೇ ಸುತ್ತಿಕೊಂಡಿತು. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪಾತ್ರೆಯಲ್ಲಿ ನೀರಿರುವವರೆಗೆ ತಳ ಹತ್ತುವುದಿಲ್ಲವಲ್ಲ, ಹಾಗೆಯೇ ನಾರು ಒದ್ದೆ ಇರುವವರೆಗೆ ತಂತಿಯ ಬಿಸಿ ದ್ರವ ಕುದಿಯುವ ಮಟ್ಟದ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290ರಲ್ಲಿ. ದಿಂಬಿನ ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿಗೆ ಕರಗುತ್ತದೆ. ದ್ರವ ಒಣಗಿದ ಕ್ಷಣದಲ್ಲಿ ತಂತಿ ಇದನ್ನೆಲ್ಲ ದಾಟಿ ಕೆಂಪಗಾಗುತ್ತದೆ. ಆಗ ಸುತ್ತಲಿರುವುದು ಪಾಲಿಯೆಸ್ಟರ್ ಆದರೆ ಕರಗುತ್ತದೆ, ಹತ್ತಿಯಾದರೆ ಕರಕಲಾಗುತ್ತದೆ. ಪಾಲಿಯುರೆಥೇನ್ ಸ್ಪಂಜು ಸುಟ್ಟರೆ ಬರುವ ಹೊಗೆಯಲ್ಲಿ ಸಯನೈಡ್ ಅನಿಲವೇ ಇರುತ್ತದೆ. ಸೋಫಾಕ್ಕೆ ಬೆಂಕಿ ಬಿದ್ದ ಮನೆಗಳಲ್ಲಿ ಜನ ಉರಿಗಿಂತ ಮೊದಲು ಹೊಗೆಗೆ ಸಾಯುವುದಕ್ಕೆ ಒಂದು ಕಾರಣ ಇದೇ. ಗ್ಲಿಸರಿನ್ ಅತಿಯಾಗಿ ಕಾದರೆ ಅದೂ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ಘಾಟು ವಿಷಗಳಾಗುತ್ತದೆ. ಅಕ್ರೋಲಿನ್ ಎಂದರೆ ಬಾಣಲೆಯಲ್ಲಿ ಎಣ್ಣೆ ಸುಟ್ಟಾಗ ಕಣ್ಣು, ಗಂಟಲು ಉರಿಸುವುದುಂಟಲ್ಲ, ಅದೇ.

ಇದು ಮನೆಯಲ್ಲಿ ತುರುಕಿದ ನಾರಿನ ಕತೆ ಮಾತ್ರ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ವಿಜ್ಞಾನಿಗಳು ಕಂಪೆನಿಯಿಂದ ಬಂದ, ಪೊಟ್ಟಣ ಒಡೆಯದ ಕಾರ್ಟ್ರಿಜ್‌ಗಳನ್ನೇ ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ಹೊಚ್ಚ ಹೊಸ ಕಾರ್ಟ್ರಿಜ್‌ಗಳ ನಾರಿನಲ್ಲಿ ಆಗಲೇ ಸುಟ್ಟ ಕಲೆಗಳಿದ್ದವು. ಎಂದರೆ ಪ್ಯಾಕ್ ಮಾಡುವ ಮೊದಲೇ ಅವನ್ನು ಒಮ್ಮೆ ಕಾಯಿಸಿ ಆಗಿತ್ತು. ಎರಡರ ನಾರಿನಲ್ಲಿ ಹಸಿರು ಕಿಲುಬು, ತಾಮ್ರದ್ದು. ಬೆಸುಗೆಯಿಂದ ಉದುರಿದ ತವರದ ಕಣಗಳು ನಾರಿನಲ್ಲೂ ದ್ರವದಲ್ಲೂ ಸಿಕ್ಕಿದವು. ಆವಿಯಲ್ಲಿ ತವರ, ಬೆಳ್ಳಿ, ಕಬ್ಬಿಣ, ನಿಕಲ್, ಅಲ್ಯೂಮಿನಿಯಂ, ಸಿಲಿಕೇಟ್ ಕಣಗಳು. ಅಳೆದ ಹನ್ನೊಂದು ಧಾತುಗಳಲ್ಲಿ ಒಂಬತ್ತರ ಪ್ರಮಾಣ ಮಾಮೂಲಿ ಸಿಗರೇಟಿನ ಹೊಗೆಯಲ್ಲಿರುವಷ್ಟು ಅಥವಾ ಅದಕ್ಕಿಂತ ಹೆಚ್ಚು. ಆ ನಾರು ಯಾವುದು ಗೊತ್ತುಂಟಾ? ದಿಂಬಿಗೆ ತುಂಬುವ ಅದೇ ಪಾಲಿಯೆಸ್ಟರ್.

ಈಗಿನ ವೇಪ್‌ಗಳಲ್ಲಿ ಹೆಚ್ಚಾಗಿ ಇರುವುದು ಹತ್ತಿ, ಕೆಲವದರಲ್ಲಿ ಸೆರಾಮಿಕ್. ಹತ್ತಿ ಕರಗುವುದಿಲ್ಲ ಎಂಬುದು ಅದರ ಗುಣ. ಹಾಗೆಂದು ಎಲ್ಲ ಹತ್ತಿಯೂ ಒಂದೇ ಅಲ್ಲ. ಮೆಡಿಕಲ್ ಶಾಪಿನ ಹತ್ತಿ ಬ್ಲೀಚ್ ಮಾಡಿದ್ದು, ಗಾಯ ಒರೆಸಲಿಕ್ಕೆಂದು ಇರುವಂತಹದ್ದು. ಅಕ್ವೇರಿಯಂ ಸ್ಪಂಜು ಮೀನಿನ ನೀರು ಸೋಸಲಿಕ್ಕೆ, ಟೀ ಬ್ಯಾಗು ಬಿಸಿನೀರಿಗೆ ಅದ್ದಲಿಕ್ಕೆ. ಬೂರುಗದ ಹತ್ತಿಯಾಗಲಿ ಫೈಬರ್ ಆಗಲಿ, ದಿಂಬಿನಲ್ಲಿರುವುದು ತಲೆಯಿಡಲಿಕ್ಕೆ. ಇನ್ನೂರು ಡಿಗ್ರಿಗೆ ಕಾಯಿಸಿ ಎದೆಯೊಳಗೆ ಎಳೆದುಕೊಳ್ಳಲಿಕ್ಕೆ ಇವುಗಳಲ್ಲಿ ಯಾವುದನ್ನೂ ಯಾರೂ ತಯಾರಿಸಿದ್ದಲ್ಲ, ಪರೀಕ್ಷಿಸಿದ್ದೂ ಅಲ್ಲ.

ಕೆಲವು ಸಮಯದ ಹಿಂದೆ ನಮ್ಮ ಮದ್ರಸದಲ್ಲಿ ಒಬ್ಬ ಹುಡುಗನ ಪೆನ್ಸಿಲ್ ಬಾಕ್ಸಿನಿಂದ ಇಂತಹ ಒಂದು ಖಾಲಿ ಕಾರ್ಟ್ರಿಜ್ ಬಿತ್ತು. ವಯಸ್ಸು ಹನ್ನೆರಡು. ಕಾಕ ಬಿಸಾಡಿದ್ದನ್ನು ಹೆಕ್ಕಿಕೊಂಡದ್ದಂತೆ. ಬೈಯದೆ ಕೂರಿಸಿ ಕೇಳಿದೆವು. ಮೊಬೈಲಿನಲ್ಲಿ ನೋಡಿ ಕಲಿತದ್ದು. ಒಳಗಿನ ಕಪ್ಪು ಹತ್ತಿ ತೆಗೆದು ಉಮ್ಮನ ಮದ್ದಿನ ಡಬ್ಬದ ಹತ್ತಿ ಹಾಕಿದ್ದಾನೆ. ದ್ರವ ಎಲ್ಲಿಂದ ಎಂದರೆ, ಬಾಪನ ಊದ್ ಅತ್ತರ್. “ಹೊಗೆ ಸರಿ ಬರಲಿಲ್ಲ ಉಸ್ತಾದೇ, ಕೆಮ್ಮು ಬಂತು” ಎಂದ. ಕೆಮ್ಮು ಬಂದದ್ದೇ ಅವನ ಅದೃಷ್ಟ, ಎರಡು ದಮ್ಮಿಗೆ ಬಿಟ್ಟುಬಿಟ್ಟಿದ್ದ.

ಅತ್ತರ್ ಎಂದರೆ ಎಣ್ಣೆಯಲ್ಲಿ ಕರಗಿಸಿದ ಪರಿಮಳ. ಕೇಕಿಗೆ ಹಾಕುವ ಎಸೆನ್ಸ್‌ಗಳಲ್ಲೂ ಎಣ್ಣೆಯಲ್ಲಿ ಮಾಡಿದವು ಉಂಟು. ಎಣ್ಣೆ ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ, ಶ್ವಾಸಕೋಶಕ್ಕೆ ಆ ಶಕ್ತಿ ಇಲ್ಲ. ಒಳಗೆ ಹೋದ ಎಣ್ಣೆಯ ಸೂಕ್ಷ್ಮ ಹನಿಗಳು ಅಲ್ಲೇ ಕುಳಿತು ಒಂದು ಬಗೆಯ ನ್ಯುಮೋನಿಯಾ ತರುತ್ತವೆ. ಬ್ಯಾಕ್ಟೀರಿಯಾದಿಂದ ಬಂದದ್ದಲ್ಲವಾದ್ದರಿಂದ ಮಾಮೂಲಿ ಆಂಟಿಬಯೋಟಿಕ್ಕಿಗೆ ಅದು ಬಗ್ಗುವುದಿಲ್ಲ. ‘ತಿನ್ನುವ ಸಾಮಾನಿನಲ್ಲಿ ಹಾಕುತ್ತಾರೆ, ಹಾಗಾಗಿ ತೊಂದರೆ ಇಲ್ಲ’ ಎಂಬ ವಾದವನ್ನು ನಮ್ಮ ಯುವಕರ ಬಾಯಲ್ಲಿ ಬಹಳ ಕೇಳುತ್ತೇವೆ. ತುಪ್ಪವನ್ನೂ ತಿನ್ನುತ್ತೇವೆ ಮಾರಾಯ್ರೆ, ಮೂಗಿಗೆ ಹೊಯ್ದುಕೊಳ್ಳುತ್ತೇವಾ?

ಇದರ ಭೀಕರ ಉದಾಹರಣೆಯನ್ನು ಅಮೆರಿಕ 2019ರಲ್ಲಿ ಕಂಡಿತು. ಆ ಬೇಸಿಗೆಯಲ್ಲಿ ಆರೋಗ್ಯವಂತ ಹುಡುಗರು, ಹೆಚ್ಚಿನವರು ಮೂವತ್ತೈದರೊಳಗಿನವರು, ಉಸಿರಾಡಲಾಗದೆ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯವರೆಗಿನ ಲೆಕ್ಕದಲ್ಲಿ 2,807 ಪ್ರಕರಣ, 68 ಸಾವು. ಹುಡುಕಿದಾಗ ಸಿಕ್ಕ ಮುಖ್ಯ ಅಪರಾಧಿ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಚರ್ಮಕ್ಕೆ ಹಚ್ಚುವ ಕ್ರೀಮುಗಳಲ್ಲಿ ಇರುತ್ತದೆ, ನುಂಗುವ ಮಾತ್ರೆಯಲ್ಲೂ ಇರುತ್ತದೆ. ಕಳ್ಳಸಂತೆಯಲ್ಲಿ ಗಾಂಜಾ ಸತ್ವದ ಕಾರ್ಟ್ರಿಜ್ ತುಂಬಿಸುತ್ತಿದ್ದವರು ಸರಕು ಮಂದವಾಗಿ, ಜಾಸ್ತಿ ಇರುವಂತೆ ಕಾಣಲಿ ಎಂದು ಅದನ್ನು ಬೆರೆಸಿದ್ದರು. ಹಾಲಿಗೆ ನೀರು ಬೆರೆಸಿದ ಹಾಗೆ. ಪರೀಕ್ಷೆಗೊಳಪಡಿಸಿದ 51 ರೋಗಿಗಳ ಪೈಕಿ 48 ಮಂದಿಯ ಶ್ವಾಸಕೋಶದ ದ್ರವದಲ್ಲಿ ಆ ಎಣ್ಣೆ ಪತ್ತೆಯಾಯಿತು. ಕಾರ್ಟ್ರಿಜ್ ಹೊರಗಿನಿಂದ ಒಳ್ಳೆಯ ಲೇಬಲ್ಲಿನದ್ದೇ. ತುಂಬಿಸಿದವನು ಯಾರು, ತುಂಬಿಸಿದ್ದು ಏನು ಎಂಬುದು ಮಾತ್ರ ಸೇದಿದವನಿಗೆ ಗೊತ್ತಿರಲಿಲ್ಲ.

ಲೇಬಲ್ಲಿನ ಮಾತು ಬಂತಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎರಡು ಕಂಪೆನಿಗಳ 18 ಕಾರ್ಟ್ರಿಜ್‌ಗಳನ್ನು ಪರೀಕ್ಷಿಸಿತು. ಒಂದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ‘ನಿಕೋಟಿನ್ ಇಲ್ಲ’ ಎಂದು ಬರೆದ ಕಾರ್ಟ್ರಿಜ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವುಗಳಲ್ಲಿ ಅಲ್ಪಸ್ವಲ್ಪ ನಿಕೋಟಿನ್ ಇತ್ತು. ಡೈಎಥಿಲೀನ್ ಗ್ಲೈಕಾಲ್ ಎಂಬ ಹೆಸರು ಎಲ್ಲೋ ಕೇಳಿದ ಹಾಗೆ ಅನಿಸಿದರೆ ಸರಿಯೇ. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಅರುವತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡಾಗ, ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ ಕೆಮ್ಮಿನ ಸಿರಪ್‌ಗಳಲ್ಲಿ ಇದ್ದದ್ದು ಇದೇ ಜಾತಿಯ ವಿಷ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ಗಳನ್ನು ಶುದ್ಧ ಮಾಡದೆ ಕಾರ್ಖಾನೆ ದರ್ಜೆಯದ್ದನ್ನೇ ಬಳಸಿದರೆ ಇದು ಅವುಗಳೊಟ್ಟಿಗೆ ನುಸುಳುವುದುಂಟು. ನೋಡಲಿಕ್ಕೆ ಎರಡೂ ಒಂದೇ, ಬಣ್ಣವಿಲ್ಲ, ಸಿಹಿ. ಪ್ರಯೋಗಾಲಯ ಇರುವ ಔಷಧ ಕಂಪೆನಿಗಳೇ ಎಡವುವ ಜಾಗವಿದು. ಕ್ಯಾನಿನಿಂದ ಸಣ್ಣ ಬಾಟಲಿಗೆ ಸುರಿದು ‘ಪ್ಯೂರ್ ವಿ.ಜಿ.’ ಎಂದು ಚೀಟಿ ಅಂಟಿಸಿ ಮಾರುವವನ ಬಳಿ ಯಾವ ಪ್ರಯೋಗಾಲಯ ಇರುತ್ತದೆ?

ಮನೆಮಂದಿ ಇಲ್ಲಿ ಗಮನ ಕೊಡಬೇಕು

ಸೇದುವವನ ಅಪಾಯ ಅವನದ್ದು ಎಂದು ಬಿಟ್ಟರೂ, ಮರುಭರ್ತಿಯ ಬಾಟಲಿ ಮನೆಯೊಳಗಿದ್ದರೆ ಅದು ಎಲ್ಲರ ವಿಷಯ. ನಮ್ಮ ಮನೆಗಳಲ್ಲಿ ತೆವಳುವ ಮಕ್ಕಳಿಲ್ಲದ ಮನೆ ಯಾವುದು?

ಬಾಟಲಿಯ ಮೇಲೆ 3, 6, 12, 20 ಎಂದೆಲ್ಲ ಬರೆದಿರುತ್ತದೆ. ಅದು ಒಂದು ಎಂ.ಎಲ್.ನಲ್ಲಿ ಎಷ್ಟು ಮಿಲಿಗ್ರಾಂ ನಿಕೋಟಿನ್ ಇದೆ ಎಂಬುದರ ಲೆಕ್ಕ. ಕೆಲವದರಲ್ಲಿ 50 ಕೂಡ ಇರುತ್ತದೆ. 20ರ ಹತ್ತು ಎಂ.ಎಲ್. ಬಾಟಲಿಯಲ್ಲಿ 200 ಮಿಲಿಗ್ರಾಂ. ಒಂದು ಸಿಗರೇಟಿನಿಂದ ಸೇದುವವನ ಮೈಗೆ ಸೇರುವುದು ಸುಮಾರು ಒಂದು ಮಿಲಿಗ್ರಾಂ. ಎಂದರೆ ಬೆರಳುದ್ದದ ಆ ಬಾಟಲಿಯಲ್ಲಿ ಇನ್ನೂರು ಸಿಗರೇಟಿನ ಬಾಬ್ತು ತುಂಬಿಕೊಂಡಿದೆ. ಅದಕ್ಕೆ ಸ್ಟ್ರಾಬೆರಿಯ ಪರಿಮಳ, ಮುಚ್ಚಳದ ಮೇಲೆ ಹಣ್ಣಿನ ಚಿತ್ರ. 2014ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಪ್ಲೇನ್ ಎಂಬ ಊರಿನಲ್ಲಿ ಒಂದು ವರ್ಷದ ಮಗು ಇಂತಹ ದ್ರವ ಕುಡಿದು ತೀರಿಕೊಂಡಿತು. ಬಾಟಲಿಗಳಿಗೆ ಮಕ್ಕಳಿಂದ ತೆರೆಯಲಾಗದ ಮುಚ್ಚಳ ಕಡ್ಡಾಯ ಮಾಡುವ ಕಾನೂನಿಗೆ ಅಲ್ಲಿನ ಅಧ್ಯಕ್ಷರು ಸಹಿ ಹಾಕಿದ್ದು 2016ರ ಜನವರಿಯಲ್ಲಿ.

ಕುಡಿಯಲೇಬೇಕೆಂದಿಲ್ಲ, ನಿಕೋಟಿನ್ ಚರ್ಮದಿಂದಲೂ ಇಳಿಯುತ್ತದೆ. ಇದನ್ನು ಬೀಡಿ ಕಟ್ಟಿದ ನಮ್ಮ ಉಮ್ಮಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಎಷ್ಟು ಮನೆಗಳ ಒಲೆ ಬೀಡಿಯ ಸಂಬಳದಿಂದ ಉರಿದಿದೆ, ಎಷ್ಟು ಹುಡುಗಿಯರ ಕಿವಿಯ ಚಿನ್ನ ಬೀಡಿ ಬ್ರಾಂಚಿನ ಪಾಸ್‌ಬುಕ್ಕಿನಿಂದ ಬಂದಿದೆ! ಮಡಿಲಲ್ಲಿ ಮೊರ ಇಟ್ಟುಕೊಂಡು ದಿನವಿಡೀ ಹೊಗೆಸೊಪ್ಪಿನ ಹುಡಿ ಮುಟ್ಟಿ, ತಲೆ ಭಾರವಾಗಿ, ಊಟ ಸೇರದೆ ಎದ್ದವರು ಅವರು. ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಬೆಳೆಯುತ್ತಾರಲ್ಲ, ಅಂತಹ ಹೊಲಗಳಲ್ಲಿ ಒದ್ದೆ ಎಲೆ ಕೀಳುವವರಿಗೆ ವಾಂತಿ, ತಲೆಸುತ್ತು ಬರುವ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಬೇರೆ ಹೆಸರೇ ಉಂಟು. ಎಲೆಯ ಮೇಲಿನ ಇಬ್ಬನಿಯಲ್ಲಿ ಕರಗಿದ ನಿಕೋಟಿನ್ನೇ ಅಷ್ಟು ಮಾಡುವುದಾದರೆ, ಮರುಭರ್ತಿ ಮಾಡುವಾಗ ಬೆರಳ ಮೇಲೆ ಚೆಲ್ಲಿ, ಮೇಜಿಗೆ ಒರೆಸಿ, ಅದೇ ಮೇಜಿನಲ್ಲಿ ಮಗುವಿಗೆ ಗಂಜಿ ಉಣಿಸಿದರೆ? ದ್ರವ ಹೀರಿದ ಹಳೆ ಹತ್ತಿಯ ಉಂಡೆಯನ್ನು ಕಿಟಕಿಯಿಂದ ಅಂಗಳಕ್ಕೆಸೆದರೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಪ್ರಾಯದ ಮಗು ಅದನ್ನೇ ಹೆಕ್ಕುತ್ತದೆ.

ಮಗು ದ್ರವ ಕುಡಿದಿದೆ ಎಂಬ ಸಂಶಯ ಬಂದರೆ ಲಕ್ಷಣಕ್ಕಾಗಿ ಕಾಯಬೇಡಿ. ವಾಂತಿ, ಜೊಲ್ಲು, ಬೆವರು, ಮುಖ ಬಿಳಿಚುವುದು, ನಡುಕ, ಇವೆಲ್ಲ ಕೆಲವೇ ನಿಮಿಷಗಳಲ್ಲಿ ಬರಬಹುದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸಾಬೂನು ಹಾಕಿ ತೊಳೆಯಿರಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ, ಬಾಟಲಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಮಾನ ಹೋಗುತ್ತದೆಂದು ಡಾಕ್ಟರಲ್ಲಿ ‘ಎಂತದೋ ಶರಬತ್ತು ಕುಡಿದದ್ದು’ ಎಂದು ಸುಳ್ಳು ಹೇಳಿದರೆ ಹೋಗುವುದು ಮಾನವಲ್ಲ, ಮಗು.

ಬ್ರಿಟನ್ನಿನ ಉದಾಹರಣೆ ಕೊಡುವವರಿಗೆ

ಓದಿದ ಯುವಕರು ಒಂದು ಮಾತು ಹೇಳುತ್ತಾರೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. “ಉಸ್ತಾದೇ, ಬ್ರಿಟನ್ನಿನಲ್ಲಿ ಸರಕಾರವೇ ಸಿಗರೇಟು ಬಿಡಲಿಕ್ಕೆ ವೇಪ್ ಕೊಡುತ್ತದೆ.” ಹೌದು, ಕೊಡುತ್ತದೆ. ಸಿಗರೇಟಿನ ಹೊಗೆಗಿಂತ ಇದು ಬಹಳ ಕಮ್ಮಿ ಹಾನಿ ಎಂದು ಅಲ್ಲಿನ ಆರೋಗ್ಯ ಇಲಾಖೆ 2015ರಿಂದಲೂ ಹೇಳುತ್ತಿದೆ. ಸಿಗರೇಟು ಬಿಟ್ಟು ಇದಕ್ಕೆ ಬಂದು, ಕೊನೆಗೆ ಎರಡನ್ನೂ ಬಿಟ್ಟವರು ಅಲ್ಲಿ ಇದ್ದಾರೆ. ಆದರೆ ಅದೇ ಬ್ರಿಟನ್ನಿನಲ್ಲಿ ದ್ರವದ ಬಾಟಲಿ 10 ಎಂ.ಎಲ್. ಮೀರುವಂತಿಲ್ಲ, ನಿಕೋಟಿನ್ ಎಂ.ಎಲ್.ಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಟ್ಯಾಂಕು 2 ಎಂ.ಎಲ್. ಮೀರುವಂತಿಲ್ಲ, ಒಳಗೆ ಏನೇನು ಹಾಕಿದ್ದೀರೆಂದು ಮಾರುವ ಮೊದಲು ಸರಕಾರಕ್ಕೆ ತಿಳಿಸಬೇಕು. ಒಮ್ಮೆ ಸೇದಿ ಬಿಸಾಡುವ ವೇಪ್‌ಗಳನ್ನು 2025ರ ಜೂನ್ 1ರಿಂದ ಅವರೂ ನಿಷೇಧಿಸಿದ್ದಾರೆ. ಸಿಗರೇಟು ಸೇದದವನು ಇದನ್ನು ಶುರು ಮಾಡಲೇಬಾರದು ಎಂಬುದೂ ಅವರದ್ದೇ ಮಾತು. ಲಂಡನ್ನಿನ ಅಂಗಡಿಯ ಸೀಲು ಒಡೆಯದ ಬಾಟಲಿಯ ಬಗ್ಗೆ ಹೇಳಿದ್ದನ್ನು, ಬಾಗಿಲು ಹಾಕಿದ ಕೋಣೆಯಲ್ಲಿ ಡೆಟಾಲ್ ಹತ್ತಿಗೆ ಹೊಯ್ದ ಹೆಸರಿಲ್ಲದ ದ್ರವಕ್ಕೆ ಅನ್ವಯಿಸುವುದು ಹೇಗೆ? ಮತ್ತೆ, ನಮ್ಮ ಊರಿನಲ್ಲಿ ವೇಪ್ ಹಿಡಿದು ಕೂತ ಹದಿಹರೆಯದವರಲ್ಲಿ ಎಷ್ಟು ಮಂದಿ ಮೊದಲು ಸಿಗರೇಟು ಸೇದುತ್ತಿದ್ದರು ಎಂದು ಕೇಳಿ ನೋಡಿ.

ದುಬೈಯಲ್ಲಿ ಸಿಗುತ್ತದಲ್ಲ ಎಂಬುದು ಇನ್ನೊಂದು ಮಾತು. ಯು.ಎ.ಇ. 2019ರಲ್ಲಿ ಮಾರಾಟಕ್ಕೆ ಅನುಮತಿ ಕೊಟ್ಟದ್ದು ನಿಜ, ಅದೇ ವರ್ಷದ ಡಿಸೆಂಬರಿನಿಂದ ಅದರ ಮೇಲೆ ನೂರಕ್ಕೆ ನೂರು ತೆರಿಗೆ ಹಾಕಿದ್ದೂ ನಿಜ. ಪಕ್ಕದ ಕತಾರಿನಲ್ಲಿ ನಿಷೇಧ. ದೇಶ ಬದಲಾದರೆ ಕಾನೂನೂ ಬದಲಾಗುತ್ತದೆ, ಬಜ್ಪೆಯಲ್ಲಿ ವಿಮಾನ ಇಳಿದ ಮೇಲೆ ನಡೆಯುವುದು ಇಲ್ಲಿಯದ್ದು.

ಇಲ್ಲಿಯದ್ದು ಏನೆಂದರೆ, ಕರ್ನಾಟಕ ಸರಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಅದನ್ನು ಕಾಯ್ದೆ ಮಾಡಿತು. ತಯಾರಿ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಪೂರ್ತಿ ಸಾಮಾನು ಮಾತ್ರವಲ್ಲ, ಅದರ ಯಾವುದೇ ಭಾಗವೂ ಕಾಯ್ದೆಯೊಳಗೆ ಬರುತ್ತದೆ. ಬಿಡಿ ಕಾರ್ಟ್ರಿಜ್ ತಂದೆ, ಬ್ಯಾಟರಿ ತರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡದ್ದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಅಥವಾ ಎರಡೂ. ಸೇದುವುದಕ್ಕೇ ಎಂದು ಕಾಯ್ದೆಯಲ್ಲಿ ಪ್ರತ್ಯೇಕ ಶಿಕ್ಷೆ ಬರೆದಿಲ್ಲ ಎಂದು ಧೈರ್ಯ ಕೊಡುವವರಿದ್ದಾರೆ. ಆದರೆ ಸೇದಲಿಕ್ಕೆ ಅದು ಕೈಗೆ ಬರಬೇಕಾದರೆ ಯಾರಾದರೂ ತರಬೇಕು, ಮಾರಬೇಕು, ಇಟ್ಟುಕೊಳ್ಳಬೇಕು. ದೋಸ್ತಿಗೆಂದು ನಾಲ್ಕು ಪೀಸು ಜಾಸ್ತಿ ತಂದ ಹುಡುಗ ಕಾನೂನಿನ ಕಣ್ಣಿಗೆ ಆಮದು ಮಾಡಿದವನೇ. ವೀಸಾ, ಪಾಸ್‌ಪೋರ್ಟಿನ ಮೇಲೆ ಬದುಕು ಕಟ್ಟಿಕೊಂಡವರಿಗೆ ಒಂದು ಕೇಸು ಎಂದರೆ ಎಂತ ಎಂದು ನಾವು ಹೇಳಬೇಕಾಗಿಲ್ಲ.

ನೋಂಬಿನ ತಿಂಗಳಲ್ಲಿ ಇದರ ಬಗ್ಗೆ ಕೇಳುವವರೂ ಇದ್ದಾರೆ, ‘ಹೊಗೆಯಲ್ಲವಲ್ಲ, ಆವಿ ತಾನೇ’ ಎಂದು. ಬೀಡಿ, ಸಿಗರೇಟು ಸೇದಿದರೆ ನೋಂಬು ಮುರಿಯುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಗ್ಲಿಸರಿನ್, ನಿಕೋಟಿನ್, ಎಸೆನ್ಸ್ ಸೇರಿದ ಒಂದು ಪದಾರ್ಥವನ್ನು ಬೇಕೆಂದೇ ಒಳಗೆಳೆದುಕೊಳ್ಳುವುದಕ್ಕೆ ಬೇರೆ ಹೆಸರಿಟ್ಟ ಮಾತ್ರಕ್ಕೆ ಬೇರೆ ಮಸ್‌ಅಲ ಆಗುವುದಿಲ್ಲ.

ಇನ್ನು ಮಗನ ಕಿಸೆಯಲ್ಲಿ ಇದು ಸಿಕ್ಕಿದ ಉಮ್ಮ, ಬಾಪ ಎಂತ ಮಾಡಬೇಕು? ಹೊಡೆದು ಬಡಿದು ಕಿತ್ತುಕೊಂಡರೆ ಅವನು ಬೇರೆ ಕಡೆ ಹೋಗಿ ಬೇರೆ ಹತ್ತಿ ತುರುಕುತ್ತಾನೆ ಅಷ್ಟೇ. ನಿಕೋಟಿನ್ ಚಟ ಮೈಗೆ ಹಿಡಿದಿರುತ್ತದೆ. ಬಿಟ್ಟ ಮೊದಲ ಕೆಲವು ದಿನ ಸಿಟ್ಟು, ನಿದ್ದೆಗೇಡು, ತಲೆನೋವು ಇರುವಂತಹದ್ದೇ, ಅದನ್ನು ಅಹಂಕಾರ ಎಂದು ತಿಳಿಯುವುದು ಬೇಡ. ಕೇಂದ್ರ ಆರೋಗ್ಯ ಇಲಾಖೆಯ ತಂಬಾಕು ಬಿಡಿಸುವ ಸಹಾಯವಾಣಿ ಉಂಟು, 1800-11-2356, ಕರೆ ಉಚಿತ. ಪ್ರಾಯದವರಿಗೆ 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಇದರಲ್ಲಿ ಎಷ್ಟು ನಿಕೋಟಿನ್ ಇದೆಯೆಂದು ಬರೆದಿರುತ್ತದೆ, ಬರೆದಷ್ಟೇ ಇರುತ್ತದೆ. ಹದಿನೆಂಟರ ಒಳಗಿನವರಾದರೆ ಗಮ್ಮೂ ಡಾಕ್ಟರರನ್ನು ಕೇಳಿಯೇ.

ಉಳಿದ ದ್ರವ, ಕಾರ್ಟ್ರಿಜ್‌ಗಳನ್ನು ಬಾವಿಕಟ್ಟೆಯ ಹತ್ತಿರ, ತೋಟಕ್ಕೆ, ಚರಂಡಿಗೆ ಚೆಲ್ಲಬೇಡಿ. ಬಾಟಲಿಯ ಮುಚ್ಚಳ ಬಿಗಿ ಮಾಡಿ, ಹತ್ತಿಯ ತುಂಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಕೈಗೆ ಲಕೋಟೆ ಹಾಕಿಕೊಂಡು ಒಂದು ಹಳೆ ಡಬ್ಬಕ್ಕೆ ಹಾಕಿ, ಮನೆಯ ಅಪಾಯಕಾರಿ ಕಸ ಎಂದು ಹೇಳಿಯೇ ಕಸದ ಗಾಡಿಯವರಿಗೆ ಕೊಡಿ. ಬ್ಯಾಟರಿಯನ್ನು ಅದರೊಟ್ಟಿಗೆ ಹಾಕಬೇಡಿ. ಅದು ಲಿಥಿಯಂ, ಜಜ್ಜಿದರೆ ಬೆಂಕಿ ಹಿಡಿಯುತ್ತದೆ. ಹಳೆ ಮೊಬೈಲು ಬ್ಯಾಟರಿ ತೆಗೆದುಕೊಳ್ಳುವಲ್ಲಿಗೆ ಬೇರೆಯಾಗಿ ತಲುಪಿಸಿ.